ಪದ್ಮಿನಿಯ ಬಾನೆಟ್ ಮತ್ತು ಬಸಳೆ ಚಪ್ಪರ

2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ರಸ್ತೆಗಳಿಂದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಮರೆಯಾಯಿತು. ತಾರ್ದೇವ್ ಆರ್‌ಟಿಒದಲ್ಲಿ 2003ರ ಅಕ್ಟೋಬರ್ 29ರಂದು ನೋಂದಣಿಯಾಗಿದ್ದ ಕೊನೆಯ ಗಾಡಿಗೆ 20 ವರ್ಷಗಳ ಮಿತಿ ಮುಗಿದಿತ್ತು. ಪತ್ರಿಕೆಗಳು ಆ ಕಾಳಿ-ಪೀಲಿಗೆ ಪ್ರೀತಿಯಿಂದ ವಿದಾಯ ಹೇಳಿದವು. ಆದರೆ ಅದೇ ಗಾಡಿ ನಮ್ಮ ಬಿಲ್ಡಿಂಗ್‌ಗಳ ಕಂಪೌಂಡಿನಲ್ಲಿ ಮನೆಮಂದಿಗೆ ಕಲಿಸಿದ ಕೈಕೆಲಸವನ್ನೂ ನೆನೆಯಬೇಕು.

ಈ ಕಾರು ಹುಟ್ಟಿದ್ದು ನಮ್ಮ ಕುರ್ಲಾದಲ್ಲಿ. 1944ರಲ್ಲಿ ವಾಲ್‌ಚಂದ್ ಹೀರಾಚಂದ್ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಅದಕ್ಕೂ ಮೊದಲು, 1940ರಲ್ಲಿ, ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದವರೂ ಅವರೇ. ಇಟಲಿಯ ಫಿಯೆಟ್ 1100ರ ವಿನ್ಯಾಸದ ಕಾರು ಕುರ್ಲಾದಲ್ಲಿ ತಯಾರಾಗಿ, 1974ರಿಂದ ಪದ್ಮಿನಿ ಎಂಬ ಹೆಸರು ಪಡೆಯಿತು. ರಜಪೂತ ರಾಣಿಯ ಹೆಸರು ಹೊತ್ತ ಕಾರಿನ ಬಾನೆಟ್ ತೆರೆಯುತ್ತಿದ್ದವರು ಮಾತ್ರ ಹೆಚ್ಚಾಗಿ ಗಂಡಸರೇ!

ಅದು ಲೈಸೆನ್ಸ್ ಕಾಲ. ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಕೈಗೆ ಬಂದ ಗಾಡಿಯನ್ನು ಮಗುವಿನಂತೆ ನೋಡಿಕೊಳ್ಳುತ್ತಿದ್ದರು. 1089 ಸಿಸಿಯ ಸರಳ ಎಂಜಿನ್. ಕಾರ್ಬ್ಯುರೇಟರ್, ಪ್ಲಗ್, ಫ್ಯಾನ್ ಬೆಲ್ಟ್ ಎಲ್ಲವೂ ಕಣ್ಣಿಗೆ ಕಾಣುತ್ತಿದ್ದವು, ಕೈಗೆ ಎಟಕುತ್ತಿದ್ದವು. ಮುಲುಂದಿನ ನಮ್ಮ ಕಂಪೌಂಡಿನಲ್ಲಿ ಭಾನುವಾರವೆಂದರೆ ನನ್ನ ಮಾವ ಸ್ಪ್ಯಾನರ್ ಹಿಡಿಯುವ ದಿನ. ಸೊಸೆಯಾದ ನನ್ನ ಪಾಲಿಗೆ ಟಾರ್ಚ್ ಹಿಡಿಯುವ ಕೆಲಸ.

ಅದೇ ಕಂಪೌಂಡಿನ ಗೋಡೆಯಂಚು ಅತ್ತೆಯ ರಾಜ್ಯ. ಉಡುಪಿ ಕಡೆಯಿಂದ ಬಂದ ಅವರಿಗೆ ಬಸಳೆ ಇಲ್ಲದೆ ಊಟ ರುಚಿಸದು. ಡಾಲ್ಡಾ ಡಬ್ಬಿಗಳ ತಳಕ್ಕೆ ತೂತು ಹೊಡೆದು ಬಸಳೆಯ ದಂಟು ನೆಟ್ಟರು. ಅಕ್ಕಿ ತೊಳೆದ ನೀರು ಅದಕ್ಕೇ ಮೀಸಲು. ಸವೆದ ಟೈರಿನಲ್ಲಿ ಮಣ್ಣು ತುಂಬಿ ಮಲ್ಲಿಗೆ ಬೆಳೆದರು. ಟೈರಿನಲ್ಲಿ ನೀರು ನಿಂತರೆ ಸೊಳ್ಳೆ ಎಂದು ಅದಕ್ಕೂ ತೂತು ಮಾಡಿಸಿದರು. ಮಾವ ಬಿಸಾಡಿದ ಹಳೆಯ ಫ್ಯಾನ್ ಬೆಲ್ಟ್ ಬಸಳೆ ಚಪ್ಪರದ ಕೋಲುಗಳಿಗೆ ಕಟ್ಟಾಯಿತು. ಮಾವನ ಕೆಲಸವನ್ನು ಎಲ್ಲರೂ ‘ರಿಪೇರಿ’ ಎಂದು ಮೆಚ್ಚುತ್ತಿದ್ದರು. ಅತ್ತೆಯದಕ್ಕೆ ‘ಹೊತ್ತು ಕಳೆಯುವುದು’ ಎಂದು ಹೆಸರು.

1994ರ ಜುಲೈನ ಒಂದು ರಾತ್ರಿ ಅತ್ತೆಗೆ ಉಸಿರಾಟದ ತೊಂದರೆಯಾಯಿತು. ಮನೆಯವರು ರಾತ್ರಿ ಪಾಳಿಯಲ್ಲಿದ್ದರು. ಮಾವನಿಗೆ ಕಣ್ಣಿನ ಆಪರೇಷನ್ ಆಗಿ ನಾಲ್ಕೇ ದಿನ. ಮಳೆಯಲ್ಲಿ ರಿಕ್ಷಾ ಸಿಗಲಿಲ್ಲ. ನನಗೆ ಕಾರು ಓಡಿಸಲು ಬರುತ್ತಿತ್ತು, ಆದರೆ ನೆನೆದ ಗಾಡಿ ಸ್ಟಾರ್ಟ್ ಆಗಬೇಕಲ್ಲ! ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರ್ ಮುಚ್ಚಳದ ಕ್ಲಿಪ್ ಬಿಡಿಸಿ, ಒಳಗಿನ ಪಸೆಯನ್ನು ಸೆರಗಿನಿಂದ ಒರೆಸಿದೆ. ಪ್ಲಗ್ ವೈರುಗಳನ್ನೂ ಒರೆಸಿ ಚೋಕ್ ಎಳೆದೆ. ಎರಡನೆಯ ಸಲಕ್ಕೆ ಎಂಜಿನ್ ಗುರುಗುಟ್ಟಿತು. ಅತ್ತೆ ವಾರದಲ್ಲಿ ಗುಣವಾಗಿ ಮನೆಗೆ ಬಂದರು.

“ನಿನಗೆ ಇದೆಲ್ಲ ಯಾರಮ್ಮ ಕಲಿಸಿದ್ದು?” ಎಂದರು ಮಾವ.

“ನೀವೇ ಮಾವ, ಟಾರ್ಚ್ ಹಿಡಿಸಿ.”

ಮುಂದಿನ ಭಾನುವಾರ ಟಾರ್ಚ್ ಮಾವನ ಕೈಯಲ್ಲಿತ್ತು, ಸ್ಪ್ಯಾನರ್ ನನ್ನ ಕೈಯಲ್ಲಿ.

ಇಂದಿನ ಕಾರುಗಳಲ್ಲಿ ಕಾರ್ಬ್ಯುರೇಟರ್ ಇಲ್ಲ. ಪೆಟ್ರೋಲನ್ನು ಕಂಪ್ಯೂಟರ್ ಅಳೆಯುತ್ತದೆ. ನಮ್ಮ ಹಳೆಯ ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಹೋಗಿ ಗೋಡೆಯಂಚಿನ ಮಣ್ಣೂ ಕಾಂಕ್ರೀಟಿನಡಿ ಸೇರಿತು. ಅತ್ತೆಯ ಬಸಳೆಯ ಒಂದು ದಂಟು ಮಾತ್ರ ಹನ್ನೊಂದನೆಯ ಮಹಡಿಯ ನನ್ನ ಬಾಲ್ಕನಿಯಲ್ಲಿ ಚಿಗುರಿದೆ. ಅದರ ಕೋಲಿಗೆ ಕಟ್ಟಿರುವುದು ಅದೇ ಹಳೆಯ ಫ್ಯಾನ್ ಬೆಲ್ಟ್.

ನಗರದ ಇತಿಹಾಸದಲ್ಲಿ ಕಾರ್ಖಾನೆಯ ಹೆಸರು ಉಳಿಯುತ್ತದೆ, ಮಾಲೀಕರ ಹೆಸರು ಉಳಿಯುತ್ತದೆ. ಡಬ್ಬಿಯಲ್ಲಿ ತೋಟ ಬೆಳೆಸಿದವರ, ಟಾರ್ಚ್ ಹಿಡಿದೇ ವಿದ್ಯೆ ಕಲಿತವರ ಹೆಸರನ್ನು ನಾವೇ ಬರೆದಿಡಬೇಕು. ನಿಮ್ಮ ಅಮ್ಮ, ಅತ್ತೆ, ಅಜ್ಜಿ ಕೈಯಾರೆ ಏನೇನು ಮಾಡುತ್ತಿದ್ದರು? ಅವರು ಎದುರಿಗಿರುವಾಗಲೇ ಕೇಳಿ ಬರೆದುಕೊಳ್ಳಿ.