ವನ್ಯಜೀವಿ ವೀಕ್ಷಣೆಗೆ ದುರ್ಬೀನಿನ ವರ್ಧನೆಯ ಆಯ್ಕೆ

ವನ್ಯಜೀವಿ ವೀಕ್ಷಣೆಗೆ ದುರ್ಬೀನಿನ ವರ್ಧನೆಯ ಆಯ್ಕೆ ಎಂದರೆ, ನೋಡಬೇಕಾದ ಪ್ರಾಣಿ ಅಥವಾ ಪಕ್ಷಿಯ ದೂರ, ಸ್ಥಳದ ಸ್ವರೂಪ, ಬೆಳಕಿನ ಪ್ರಮಾಣ ಹಾಗೂ ನೋಡುವವರ ಕೈ-ಕಣ್ಣುಗಳ ಸ್ಥಿತಿಗೆ ಅನುಗುಣವಾಗಿ ಎಷ್ಟು ಪಟ್ಟು ಹಿಗ್ಗಿಸಿ ತೋರಿಸುವ ದುರ್ಬೀನು ಸೂಕ್ತವೆಂದು ನಿರ್ಧರಿಸುವ ಕ್ರಮ. ದುರ್ಬೀನನ್ನು ಬೈನಾಕ್ಯುಲರ್ ಎಂದೂ ಕರೆಯುತ್ತಾರೆ. ವರ್ಧನೆ ಹೆಚ್ಚಿದಷ್ಟೂ ಉಪಕರಣ ಉತ್ತಮ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವವಾಗಿ ವರ್ಧನೆ ಹೆಚ್ಚಾದಂತೆ ನೋಟದ ಹರವು ಕಿರಿದಾಗುತ್ತದೆ, ಕೈನಡುಕ ಎದ್ದು ಕಾಣುತ್ತದೆ ಮತ್ತು ಮಸೂರದ ಗಾತ್ರ ಅಷ್ಟೇ ಇದ್ದರೆ ಬಿಂಬ ಮಂಕಾಗುತ್ತದೆ. ಈ ಲೇಖನದಲ್ಲಿ ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲೂಕುಗಳ ತಾಣಗಳನ್ನು ಉದಾಹರಣೆಯಾಗಿ ಬಳಸಲಾಗಿದೆ.

ಹಿನ್ನೆಲೆ

ಇಟಲಿಯ ಇಗ್ನಾಜಿಯೊ ಪೊರೊ 1854ರಲ್ಲಿ ಪ್ರಿಸಂಗಳ ಮೂಲಕ ಬಿಂಬವನ್ನು ನೇರಗೊಳಿಸುವ ವ್ಯವಸ್ಥೆಗೆ ಪೇಟೆಂಟ್ ಪಡೆದನು. ಜರ್ಮನಿಯ ಕಾರ್ಲ್ ಜೈಸ್ ಸಂಸ್ಥೆಯು 1894ರಲ್ಲಿ ಪ್ರಿಸಂ ದುರ್ಬೀನುಗಳನ್ನು ಮಾರುಕಟ್ಟೆಗೆ ತಂದಿತು. ಅಂದಿನಿಂದ ಈ ಉಪಕರಣವನ್ನು ಸೈನಿಕರು, ನಾವಿಕರು, ಬೇಟೆಗಾರರು ಮತ್ತು ಪ್ರಕೃತಿ ವೀಕ್ಷಕರು ಬಳಸುತ್ತ ಬಂದಿದ್ದಾರೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ರಾಜ್ಯಗಳಲ್ಲಿ ಎಲ್ಕ್, ಮ್ಯೂಲ್ ಜಿಂಕೆ ಮೊದಲಾದ ದೊಡ್ಡ ಪ್ರಾಣಿಗಳ ಬೇಟೆಗೆ ಪರವಾನಗಿ ದೊರೆಯುತ್ತದೆ. ಅಲ್ಲಿನ ಬಯಲು ಮತ್ತು ಗುಡ್ಡಗಳಲ್ಲಿ ಬೇಟೆಗಾರರು ಗಂಟೆಗಟ್ಟಲೆ ಒಂದೆಡೆ ಕುಳಿತು ಎದುರಿನ ಇಳಿಜಾರನ್ನು ದುರ್ಬೀನಿನಿಂದ ಜಾಲಾಡುತ್ತಾರೆ. ಕೈಯಲ್ಲಿ ಹಿಡಿದು ನೋಡಲು 10×42, ಮುಕ್ಕಾಲಿಯ ಮೇಲೆ ಇರಿಸಿ ನೋಡಲು 15×56 ಅಲ್ಲಿ ಜನಪ್ರಿಯವಾದ ಅಳತೆಗಳು. ಅಂತರಜಾಲದಲ್ಲಿ ದೊರೆಯುವ ಖರೀದಿ ಸಲಹೆಗಳಲ್ಲಿ ಹಲವು ಆ ಭೂಪ್ರದೇಶವನ್ನೂ ಆ ಉದ್ದೇಶವನ್ನೂ ಮನಸ್ಸಿನಲ್ಲಿಟ್ಟು ಬರೆದಂಥವು. ಅವನ್ನು ಕಾವೇರಿ ತೀರಕ್ಕೆ ಹಾಗೆಯೇ ಅನ್ವಯಿಸುವುದು ಸರಿಹೋಗುವುದಿಲ್ಲ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ರಕ್ಷಿತ ವನ್ಯಪ್ರಾಣಿಗಳ ಬೇಟೆಯನ್ನು ನಿಷೇಧಿಸಿದೆ. ಕಾಯಿದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಬಲೆಯೊಡ್ಡುವುದು, ಅಟ್ಟುವುದು, ಕಾಡುಪಕ್ಷಿಗಳ ಮೊಟ್ಟೆ ಅಥವಾ ಗೂಡುಗಳಿಗೆ ತೊಂದರೆ ಕೊಡುವುದು ಸಹ ಅದರಲ್ಲಿ ಅಡಕವಾಗಿವೆ. ಆದ್ದರಿಂದ ಇಲ್ಲಿ ದುರ್ಬೀನಿಗೆ ಇರುವ ಮಹತ್ವ ಬೇರೆಯದು. ಗೂಡಿನ ಬಳಿಗೆ ಹೋಗದೆ ಗೂಡನ್ನು ನೋಡಲು ಅದು ನೆರವಾಗುತ್ತದೆ. ತಾಯಿಹಕ್ಕಿ ಗಾಬರಿಗೊಂಡು ಎದ್ದುಹೋದರೆ ಮೊಟ್ಟೆ-ಮರಿಗಳು ಬಿಸಿಲಿಗೂ ಕಾಗೆ, ಹದ್ದುಗಳಿಗೂ ಈಡಾಗುತ್ತವೆ.

ಅಂಕಿಗಳ ಅರ್ಥ

ದುರ್ಬೀನಿನ ಮೇಲೆ 8×42, 10×50 ಎಂಬಂತಹ ಅಂಕಿಗಳಿರುತ್ತವೆ. ಮೊದಲನೆಯದು ವರ್ಧನೆ, ಎರಡನೆಯದು ಮುಂಭಾಗದ ವಸ್ತುಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. 8 ಪಟ್ಟು ವರ್ಧನೆಯಲ್ಲಿ 200 ಮೀಟರ್ ದೂರದ ಹಕ್ಕಿ 25 ಮೀಟರ್ ದೂರದಲ್ಲಿರುವಂತೆ ಕಾಣುತ್ತದೆ. 10 ಪಟ್ಟಿನಲ್ಲಿ 20 ಮೀಟರ್ ದೂರದಲ್ಲಿರುವಂತೆ ಕಾಣುತ್ತದೆ. ಎರಡರ ನಡುವಿನ ಈ ವ್ಯತ್ಯಾಸ ಅನೇಕರು ಊಹಿಸುವಷ್ಟು ದೊಡ್ಡದಲ್ಲ.

ವಸ್ತುಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ನೇತ್ರಮಸೂರದಿಂದ ಹೊರಬರುವ ಬೆಳಕಿನ ವೃತ್ತದ ವ್ಯಾಸ ದೊರೆಯುತ್ತದೆ. ಸಾಮಾನ್ಯ ಅಳತೆಗಳಲ್ಲಿ ಅದು ಹೀಗಿರುತ್ತದೆ:

7×50: ಸುಮಾರು 7.1 ಮಿ.ಮೀ.
8×32: 4 ಮಿ.ಮೀ.
8×42: ಸುಮಾರು 5.3 ಮಿ.ಮೀ.
10×42: 4.2 ಮಿ.ಮೀ.
10×50: 5 ಮಿ.ಮೀ.
12×50: ಸುಮಾರು 4.2 ಮಿ.ಮೀ.
15×56: ಸುಮಾರು 3.7 ಮಿ.ಮೀ.

ಹಗಲಿನ ಪ್ರಖರ ಬೆಳಕಿನಲ್ಲಿ ಮನುಷ್ಯನ ಕಣ್ಣುಪಾಪೆ 2ರಿಂದ 3 ಮಿ.ಮೀ.ಗೆ ಕುಗ್ಗುತ್ತದೆ. ಆಗ ಮೇಲಿನ ಎಲ್ಲ ಅಳತೆಗಳೂ ಸಾಕಷ್ಟು ಬೆಳಕನ್ನು ಒದಗಿಸುತ್ತವೆ. ಕತ್ತಲಾದಂತೆ ಪಾಪೆ ಹಿಗ್ಗುತ್ತದೆ. ಯುವಕರಲ್ಲಿ ಅದು 7 ಮಿ.ಮೀ.ವರೆಗೆ ಹಿಗ್ಗಬಲ್ಲದು, ವಯಸ್ಸಾದಂತೆ ಈ ಮಿತಿ ಸುಮಾರು 5 ಮಿ.ಮೀ.ಗೆ ಅಥವಾ ಅದಕ್ಕೂ ಕೆಳಗೆ ಇಳಿಯುತ್ತದೆ. ಹೀಗಾಗಿ ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ನೋಡುವವರಿಗೆ 4ರಿಂದ 5 ಮಿ.ಮೀ. ಬೆಳಕಿನ ವೃತ್ತವುಳ್ಳ ಉಪಕರಣ ಅನುಕೂಲ.

ವರ್ಧನೆಯ ಮಿತಿಗಳು

ನೋಟದ ಹರವು: ಸಾಮಾನ್ಯವಾಗಿ 8 ಪಟ್ಟಿನ ದುರ್ಬೀನಿನಲ್ಲಿ 1000 ಮೀಟರ್ ದೂರದಲ್ಲಿ ಸುಮಾರು 130 ಮೀಟರ್ ಅಗಲದ ನೋಟ ಸಿಗುತ್ತದೆ; 10 ಪಟ್ಟಿನದರಲ್ಲಿ ಸುಮಾರು 110 ಮೀಟರ್, 15 ಪಟ್ಟಿನದರಲ್ಲಿ ಸುಮಾರು 75 ಮೀಟರ್. ಹಾರುವ ಹಕ್ಕಿಯನ್ನು ಅಥವಾ ಪೊದೆಯಿಂದ ಪೊದೆಗೆ ಜಿಗಿಯುವ ಹಕ್ಕಿಯನ್ನು ಹಿಂಬಾಲಿಸಲು ಅಗಲವಾದ ನೋಟ ಬೇಕು.

ಕೈನಡುಕ: ಬಿಂಬ ಎಷ್ಟು ಪಟ್ಟು ಹಿಗ್ಗುತ್ತದೆಯೋ ನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಬಹುತೇಕ ಜನರಿಗೆ ಕೈಯಲ್ಲೇ ಹಿಡಿದು ನೋಡಲು 10 ಪಟ್ಟು ಮೇಲ್ಮಿತಿ. 12 ಪಟ್ಟು ಮತ್ತು ಅದಕ್ಕಿಂತ ಹೆಚ್ಚಿನವಕ್ಕೆ ಮುಕ್ಕಾಲಿ, ಬಂಡೆ ಅಥವಾ ಗೋಡೆಯ ಆಸರೆ ಅಗತ್ಯ. ಗುಡ್ಡ ಹತ್ತಿ ಏದುಸಿರು ಬಿಡುತ್ತಿರುವಾಗ 10 ಪಟ್ಟಿನದೂ ಕಷ್ಟವಾಗುತ್ತದೆ.

ಬಿಸಿಗಾಳಿಯ ಮಿನುಗು: ಫೆಬ್ರುವರಿಯಿಂದ ಮೇ ತಿಂಗಳವರೆಗೆ ಮಧ್ಯಾಹ್ನ ಬಂಡೆ ಮತ್ತು ಬಯಲುಗಳ ಮೇಲಿನ ಬಿಸಿಗಾಳಿ ಅಲೆಯಾಡಿ ದೂರದ ದೃಶ್ಯ ಕಲಕಿದಂತೆ ಕಾಣುತ್ತದೆ. ಹೆಚ್ಚಿನ ವರ್ಧನೆ ಈ ಕಲಕನ್ನೂ ಹಿಗ್ಗಿಸುತ್ತದೆಯೇ ಹೊರತು ವಿವರವನ್ನು ಹೆಚ್ಚಿಸುವುದಿಲ್ಲ. ಬೆಳಗಿನ ತಂಪಿನಲ್ಲಿ ನೋಡುವುದೇ ಇದಕ್ಕೆ ಪರಿಹಾರ.

ಕನ್ನಡಕ: ಕನ್ನಡಕ ಧರಿಸುವವರು ನೇತ್ರಮಸೂರದಿಂದ ಕನಿಷ್ಠ 15 ಮಿ.ಮೀ. ಹಿಂದೆ ಕಣ್ಣಿಟ್ಟರೂ ಪೂರ್ಣ ನೋಟ ಸಿಗುವಂತಹ ದುರ್ಬೀನನ್ನು ಆರಿಸಬೇಕು.

ತಾಲೂಕುವಾರು ತಾಣಗಳು

ಶ್ರೀರಂಗಪಟ್ಟಣ

ರಂಗನತಿಟ್ಟು ಪಕ್ಷಿಧಾಮವು ಈ ತಾಲೂಕಿನ ಪ್ರಮುಖ ವೀಕ್ಷಣಾ ತಾಣ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ಕಾವೇರಿಗೆ ಕಟ್ಟಿದ ಒಡ್ಡಿನಿಂದ ಇಲ್ಲಿನ ನಡುಗಡ್ಡೆಗಳು ರೂಪುಗೊಂಡವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನವು 1940ರಲ್ಲಿ ಇದನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಇದು ರಾಮ್‌ಸರ್ ಪಟ್ಟಿಗೆ ಸೇರಿತು. ಬಣ್ಣದ ಕೊಕ್ಕರೆ, ಬಾಯ್ಕಳಕ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿ, ಹೆಜ್ಜಾರ್ಲೆ, ನೀರುಕಾಗೆ ಮತ್ತು ಬೆಳ್ಳಕ್ಕಿಗಳು ಇಲ್ಲಿ ಕಾಣುತ್ತವೆ. ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯಿಸುತ್ತವೆ.

ಇಲ್ಲಿ ದೋಣಿಯಿಂದ ನೋಡುವುದೇ ಹೆಚ್ಚು. ದೋಣಿ ಓಲಾಡುವುದರಿಂದ ಮುಕ್ಕಾಲಿ ನಿರುಪಯುಕ್ತ. ಹಕ್ಕಿಗಳೂ ಹತ್ತಿರದಲ್ಲೇ ಇರುತ್ತವೆ. 15 ಮೀಟರ್ ದೂರದಲ್ಲಿ 8 ಪಟ್ಟಿನ ದುರ್ಬೀನು ಸುಮಾರು 2 ಮೀಟರ್ ಅಗಲದ ನೋಟ ಕೊಡುತ್ತದೆ. ಸುಮಾರು ಒಂದು ಮೀಟರ್ ಎತ್ತರದ ಬಣ್ಣದ ಕೊಕ್ಕರೆ ತನ್ನ ಗೂಡಿನೊಡನೆ ಅದರಲ್ಲಿ ಅಡಗುತ್ತದೆ. 15 ಪಟ್ಟಿನದರಲ್ಲಿ ನೋಟ ಸುಮಾರು 1.1 ಮೀಟರಿಗೆ ಇಳಿಯುವುದರಿಂದ ಹಕ್ಕಿ ಮಾತ್ರ ತುಂಬಿಕೊಳ್ಳುತ್ತದೆ, ಗೂಡು ಕಾಣುವುದಿಲ್ಲ. ಆದ್ದರಿಂದ ರಂಗನತಿಟ್ಟಿಗೆ 7 ಅಥವಾ 8 ಪಟ್ಟು ಸೂಕ್ತ. ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ದೋಣಿವಿಹಾರ ನಿಲ್ಲುತ್ತದೆ. ಆಗ ದಡದಿಂದ ನೋಡುವವರಿಗೆ 10 ಪಟ್ಟು ಅನುಕೂಲ. ಕರಿಘಟ್ಟದ ಮೇಲಿನಿಂದ ಗದ್ದೆ, ಹೊಳೆಗಳನ್ನು ನೋಡಲು ಸಹ 10 ಪಟ್ಟು ಒಪ್ಪುತ್ತದೆ.

ಪಾಂಡವಪುರ

ಮೇಲುಕೋಟೆ ದೇವಾಲಯ ವನ್ಯಜೀವಿಧಾಮವು 1974ರಲ್ಲಿ ಮುಖ್ಯವಾಗಿ ತೋಳಗಳ ರಕ್ಷಣೆಗಾಗಿ ಸ್ಥಾಪಿತವಾಯಿತು. ಇದರ ವಿಸ್ತೀರ್ಣ 49.82 ಚದರ ಕಿಲೋಮೀಟರ್. ಕುರುಚಲು ಕಾಡು, ಬಂಡೆಗಳು ಮತ್ತು ಹುಲ್ಲು ಬೆರೆತ ಈ ಪ್ರದೇಶದಲ್ಲಿ ಎರಡು ಬಗೆಯ ನೋಟಗಳಿವೆ. ಗುಡ್ಡದ ನೆತ್ತಿಯಿಂದ ದೂರದ ಇಳಿಜಾರನ್ನು ಅಥವಾ ಗಾಳಿಯಲ್ಲಿ ತೇಲುವ ಹದ್ದನ್ನು ನೋಡುವುದು ಒಂದು. ಕಾಲುದಾರಿಯಲ್ಲಿ ಸಾಗುವಾಗ ಪೊದೆಗಳಲ್ಲಿರುವ ಸಣ್ಣ ಹಕ್ಕಿಗಳನ್ನು ನೋಡುವುದು ಇನ್ನೊಂದು. ಮೊದಲನೆಯದಕ್ಕೆ 10×42, ಎರಡನೆಯದಕ್ಕೆ 8×32 ಅಥವಾ 8×42 ಒಳ್ಳೆಯದು. ಒಂದನ್ನೇ ಕೊಳ್ಳುವವರು 8×42 ಆರಿಸಿದರೆ ಎರಡಕ್ಕೂ ಸಲ್ಲುತ್ತದೆ. ಅಮೆರಿಕದ ಬಯಲು ಬೇಟೆಗಾರರ ಕ್ರಮಕ್ಕೆ ಈ ಉಪವಿಭಾಗದಲ್ಲಿ ಹೆಚ್ಚು ಹೋಲುವುದು ಮೇಲುಕೋಟೆಯ ನೆತ್ತಿಯಿಂದ ನೋಡುವ ಬಗೆ. ನೆರಳಿನಲ್ಲಿ ಕುಳಿತು, ಎದುರಿನ ಇಳಿಜಾರನ್ನು ಎಡದಿಂದ ಬಲಕ್ಕೆ ಪಟ್ಟಿಪಟ್ಟಿಯಾಗಿ, ನಿಧಾನವಾಗಿ ನೋಡುತ್ತ ಬಂದರೆ ಬಂಡೆಯ ಬಣ್ಣದಲ್ಲಿ ಬೆರೆತ ಪ್ರಾಣಿಯೂ ಕಣ್ಣಿಗೆ ಬೀಳುತ್ತದೆ. ತೊಣ್ಣೂರು ಕೆರೆಯ ಏರಿಯಿಂದ ನೀರಹಕ್ಕಿಗಳನ್ನು ನೋಡಲು 10 ಪಟ್ಟು ಸೂಕ್ತ.

ಕೃಷ್ಣರಾಜಪೇಟೆ

ಕಾವೇರಿ, ಹೇಮಾವತಿ ಮತ್ತು ಲಕ್ಷ್ಮಣತೀರ್ಥ ನದಿಗಳು ಕೂಡುವಲ್ಲಿ ನಿರ್ಮಿತವಾದ ಕೃಷ್ಣರಾಜಸಾಗರದ ಹಿನ್ನೀರು ಈ ತಾಲೂಕಿನ ದಕ್ಷಿಣ ಭಾಗವನ್ನು ತಲುಪುತ್ತದೆ. ಭೂವರಾಹನಾಥ ದೇವಾಲಯವಿರುವ ಕಲ್ಲಹಳ್ಳಿ ಹಿನ್ನೀರಿನ ದಡದಲ್ಲಿದೆ. ಇಲ್ಲಿ ದೂರವು ಜಲಾಶಯದ ಮಟ್ಟವನ್ನು ಅವಲಂಬಿಸುತ್ತದೆ. ನೀರು ತುಂಬಿದಾಗ ಹಕ್ಕಿಗಳು ದಡದ ಸಮೀಪಕ್ಕೆ ಬರಬಹುದು. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಹುಲ್ಲು ಮತ್ತು ಕೆಸರಿನ ಬಯಲು ತೆರೆದುಕೊಂಡಾಗ ಅವು ನೂರಾರು ಮೀಟರ್ ದೂರದಲ್ಲಿರುತ್ತವೆ. 400 ಮೀಟರ್ ದೂರದ ಬಾತು 10 ಪಟ್ಟಿನಲ್ಲಿ 40 ಮೀಟರ್ ದೂರದಲ್ಲಿರುವಂತೆ ಕಂಡರೂ ರೆಕ್ಕೆಯ ಬಣ್ಣದ ವಿವರ ಸ್ಪಷ್ಟವಾಗುವುದಿಲ್ಲ. 10×50 ಅಥವಾ ಮುಕ್ಕಾಲಿಯ ಮೇಲಿನ 12×50 ಇಲ್ಲಿ ಉಪಯುಕ್ತ. ಜಾತಿಯನ್ನು ಗುರುತಿಸಿ ಎಣಿಕೆ ಮಾಡುವವರು 20ರಿಂದ 60 ಪಟ್ಟಿನ ಸ್ಪಾಟಿಂಗ್ ಸ್ಕೋಪನ್ನು ಬಳಸುತ್ತಾರೆ. ಬಯಲಾದ ನೆಲದ ಮೇಲೆಯೇ ಟಿಟ್ಟಿಭ, ರೀವ ಮೊದಲಾದ ಹಕ್ಕಿಗಳು ಮೊಟ್ಟೆಯಿಡುವುದರಿಂದ, ಹತ್ತಿರದ ನೋಟಕ್ಕಾಗಿ ಒಳಗೆ ನಡೆದುಹೋಗುವುದು ಮೊಟ್ಟೆಗಳನ್ನು ತುಳಿಯುವುದಕ್ಕೆ ಎಡೆಮಾಡಿಕೊಡುತ್ತದೆ.

ನಾಗಮಂಗಲ

ಆದಿಚುಂಚನಗಿರಿ ನವಿಲುಧಾಮವು 1981ರಲ್ಲಿ ಘೋಷಿತವಾಯಿತು. ಇದರ ವಿಸ್ತೀರ್ಣ ಕೇವಲ 0.84 ಚದರ ಕಿಲೋಮೀಟರ್. ನವಿಲು ದೊಡ್ಡ ಹಕ್ಕಿಯಾದ್ದರಿಂದ 8 ಪಟ್ಟು ಸಾಕು. ತಾಲೂಕಿನ ಬಂಡೆಗುಡ್ಡಗಳಲ್ಲಿ ಚಿರತೆಗಳಿವೆ. ಅವು ಸಾಮಾನ್ಯವಾಗಿ ಹೊರಬೀಳುವುದು ಮುಸ್ಸಂಜೆಯಲ್ಲಿ. ಆಗ ವರ್ಧನೆಗಿಂತ ಬೆಳಕು ಮುಖ್ಯವಾಗುವುದರಿಂದ 8×42, ದೂರ ಹೆಚ್ಚಿದ್ದರೆ 10×50 ಉತ್ತಮ. 10×25ರಂತಹ ಜೇಬಿನ ದುರ್ಬೀನಿನ ಬೆಳಕಿನ ವೃತ್ತ 2.5 ಮಿ.ಮೀ. ಮಾತ್ರ, ಮುಸ್ಸಂಜೆಗೆ ಅದು ಪ್ರಯೋಜನಕ್ಕೆ ಬರುವುದಿಲ್ಲ. ಚಿರತೆ ಕಂಡಾಗ ಜನ ಗುಂಪುಗೂಡಿ ಸುತ್ತುವರಿದರೆ ಪ್ರಾಣಿಯೂ ಮನುಷ್ಯರೂ ಗಾಯಗೊಳ್ಳುವ ಸಂಭವವಿದೆ. ದೂರದಲ್ಲೇ ಉಳಿದು ಅರಣ್ಯ ಇಲಾಖೆಗೆ ತಿಳಿಸುವುದು ಸರಿಯಾದ ಕ್ರಮ.

ಕೊಳ್ಳುವ ಮುನ್ನ ಪರೀಕ್ಷೆ

ಅಗ್ಗದ ಕೆಲವು ದುರ್ಬೀನುಗಳ ಮೇಲೆ 30×60 ಎಂಬಂತಹ ದೊಡ್ಡ ಅಂಕಿಗಳಿರುತ್ತವೆ, ಆದರೆ ಅವುಗಳ ವಸ್ತುಮಸೂರ 25 ಮಿ.ಮೀ. ಕೂಡ ಇರುವುದಿಲ್ಲ. ಅಂಕಿಯ ಸತ್ಯಾಸತ್ಯತೆಯನ್ನು ಒಂದು ಅಳತೆಪಟ್ಟಿಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದು.

1. ವಸ್ತುಮಸೂರದ ವ್ಯಾಸವನ್ನು ಅಳೆಯಬೇಕು.
2. ದುರ್ಬೀನನ್ನು ಬೆಳಕಿನ ಗೋಡೆಯತ್ತ ತಿರುಗಿಸಿ, ತೋಳಿನಳತೆಯ ದೂರದಲ್ಲಿ ಹಿಡಿದರೆ ನೇತ್ರಮಸೂರದಲ್ಲಿ ಬೆಳಕಿನ ವೃತ್ತವೊಂದು ಕಾಣುತ್ತದೆ. ಅದರ ವ್ಯಾಸವನ್ನು ಅಳೆಯಬೇಕು.
3. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ನಿಜವಾದ ವರ್ಧನೆ ಸರಿಸುಮಾರಾಗಿ ತಿಳಿಯುತ್ತದೆ. 24 ಮಿ.ಮೀ. ಮಸೂರ ಮತ್ತು 3 ಮಿ.ಮೀ. ವೃತ್ತವಿದ್ದರೆ ವರ್ಧನೆ 8 ಪಟ್ಟು. ಪೆಟ್ಟಿಗೆಯ ಮೇಲೆ 30 ಎಂದಿದ್ದರೂ ಅದು 8ರ ಉಪಕರಣವೇ.

ವೃತ್ತದ ಅಂಚು ದುಂಡಗಿರದೆ ಕತ್ತರಿಸಿದಂತೆ ಕಂಡರೆ ಪ್ರಿಸಂಗಳು ಬೆಳಕಿನ ಸ್ವಲ್ಪ ಭಾಗವನ್ನು ತಡೆಯುತ್ತಿವೆ ಎಂದರ್ಥ. 10ರಿಂದ 30 ಪಟ್ಟಿನವರೆಗೆ ಬದಲಾಯಿಸಬಹುದಾದ ಜೂಮ್ ದುರ್ಬೀನುಗಳಲ್ಲಿ ನೋಟ ಕಿರಿದಾಗಿಯೂ ಮಂಕಾಗಿಯೂ ಇರುವುದರಿಂದ ಆರಂಭಿಕರಿಗೆ ಅವು ಯೋಗ್ಯವಲ್ಲ.

ಬಳಕೆ ಮತ್ತು ಎಚ್ಚರಿಕೆ

ಎರಡು ಕೊಳವೆಗಳ ಅಂತರವನ್ನು ಒಂದೇ ವೃತ್ತ ಕಾಣುವಂತೆ ಹೊಂದಿಸಿಕೊಳ್ಳಬೇಕು. ಬಳಿಕ ಬಲಗಣ್ಣು ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೂ, ಎಡಗಣ್ಣು ಮುಚ್ಚಿ ಸಾಮಾನ್ಯವಾಗಿ ಬಲ ನೇತ್ರಮಸೂರದಲ್ಲಿರುವ ಉಂಗುರದಿಂದ ಬಲಗಣ್ಣಿಗೂ ದೃಶ್ಯವನ್ನು ಸ್ಪಷ್ಟಗೊಳಿಸಬೇಕು. ಮುಂದೆ ನಡುವಿನ ಚಕ್ರವೊಂದೇ ಸಾಕು. ಹಕ್ಕಿಯನ್ನು ಮೊದಲು ಬರಿಗಣ್ಣಿನಿಂದ ಗುರುತಿಸಿ, ದೃಷ್ಟಿ ಕದಲಿಸದೆ ದುರ್ಬೀನನ್ನು ಕಣ್ಣಿಗೆ ತರುವುದು ರೂಢಿಯ ವಿಧಾನ. ಮೊಣಕೈಗಳನ್ನು ಎದೆಗೆ ಒತ್ತಿಕೊಂಡರೆ ನಡುಕ ಕಡಿಮೆಯಾಗುತ್ತದೆ.

ದುರ್ಬೀನಿನಿಂದ ಸೂರ್ಯನನ್ನು ಎಂದಿಗೂ ನೋಡಬಾರದು. ಕ್ಷಣಮಾತ್ರದ ನೋಟವೂ ಕಣ್ಣಿಗೆ ಶಾಶ್ವತ ಹಾನಿ ಮಾಡಬಲ್ಲದು. ಹದ್ದುಗಳನ್ನು ಹಿಂಬಾಲಿಸುವಾಗ ಈ ಎಚ್ಚರಿಕೆ ವಿಶೇಷವಾಗಿ ಅಗತ್ಯ. ವನ್ಯಜೀವಿಧಾಮಗಳೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹಕ್ಕಿ ತಿನ್ನುವುದನ್ನು ನಿಲ್ಲಿಸಿ ಕತ್ತೆತ್ತಿ ನೋಡತೊಡಗಿದರೆ ವೀಕ್ಷಕರು ಅತಿ ಹತ್ತಿರ ಬಂದಿದ್ದಾರೆಂದು ತಿಳಿದು ಹಿಂದೆ ಸರಿಯಬೇಕು.