ಬೀದಿ ಯಾರದು? ಹಾಲೆಂಡ್ ಕಂಡುಕೊಂಡ ಉತ್ತರ



ಹಾಲೆಂಡ್ ಎಂದೊಡನೆ ನಿಮಗೆ ಗಾಳಿಯಂತ್ರ, ಟ್ಯೂಲಿಪ್ ಹೂವುಗಳ ಜೊತೆಗೆ ಸಾಲು ಸಾಲು ಸೈಕಲ್ಲುಗಳೂ ನೆನಪಾಗಬಹುದು. ನೆಲ ಸಮತಟ್ಟಾಗಿರುವುದರಿಂದ ಅಲ್ಲಿ ಸೈಕಲ್ ಉಳಿದುಕೊಂಡಿತು ಎಂದು ಹಲವರು ಹೇಳುತ್ತಾರೆ. ಇದು ಅರ್ಧ ಸತ್ಯ ಮಾತ್ರ. ಅದೇ ಸಮತಟ್ಟಾದ ನೆಲದಲ್ಲೇ ಒಂದು ಕಾಲಕ್ಕೆ ಮೋಟಾರು ವಾಹನಗಳು ಸೈಕಲ್ಲನ್ನು ಬೀದಿಯಿಂದ ಹೊರದೂಡುತ್ತಿದ್ದವು. ಅದು ಹೇಗೆ ಮರಳಿ ಬಂದಿತೆಂಬುದನ್ನು ಈಗ ನೋಡೋಣ.

ಎರಡನೇ ಮಹಾಯುದ್ಧಕ್ಕೆ ಮೊದಲು ಡಚ್ ನಗರಗಳಲ್ಲಿ ಸೈಕಲ್ಲೇ ಸಾಮಾನ್ಯರ ವಾಹನ. 1924ರಲ್ಲಿ ಸರ್ಕಾರ ಅದರ ಮೇಲೆ ತೆರಿಗೆ ಹಾಕಿತು. ತೆರಿಗೆ ಕಟ್ಟಿದವರು ಲೋಹದ ಬಿಲ್ಲೆಯೊಂದನ್ನು ಸೈಕಲ್ಲಿಗೆ ಹಾಕಿಕೊಳ್ಳಬೇಕಿತ್ತು. ಬಡವರಿಗೆ ಬಿಲ್ಲೆ ಉಚಿತ. ಆದರೆ ಅದರಲ್ಲಿ ತೂತು ಕೊರೆದಿರುತ್ತಿದ್ದುದರಿಂದ, ಸವಾರನ ಬಡತನ ಬೀದಿಗೆಲ್ಲ ತಿಳಿಯುತ್ತಿತ್ತು. ಮುಂದೆ ಈ ತೆರಿಗೆಯ ಹಣ ರಸ್ತೆ ನಿಧಿಗೆ ಸೇರಿ ದೊಡ್ಡ ರಸ್ತೆಗಳ ನಿರ್ಮಾಣಕ್ಕೆ ಒದಗಿತು. 1941ರಲ್ಲಿ ತೆರಿಗೆ ರದ್ದಾಯಿತು.

ಯುದ್ಧಾನಂತರ ಜನರ ಆದಾಯ ಏರಿತು, ಕಾರುಗಳೂ ಹೆಚ್ಚಿದವು. ನಗರದ ಚೌಕಗಳು ವಾಹನ ನಿಲುಗಡೆಯ ತಾಣಗಳಾದವು. ಇದರ ಬೆಲೆ 1971ರ ಲೆಕ್ಕದಲ್ಲಿ ಕಾಣುತ್ತದೆ. ಸುಮಾರು 1.3 ಕೋಟಿ ಜನಸಂಖ್ಯೆಯ ಆ ದೇಶದಲ್ಲಿ ಅದೊಂದೇ ವರ್ಷ ರಸ್ತೆ ಅಪಘಾತಗಳಿಗೆ ಸುಮಾರು 3,300 ಮಂದಿ ಬಲಿಯಾದರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು.

ಹೀಗೆ ತನ್ನ ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ 1972ರಲ್ಲಿ ‘ದೆ ಟೇಡ್’ ಪತ್ರಿಕೆಯಲ್ಲಿ ಲೇಖನವೊಂದನ್ನು ಬರೆದರು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಅದರ ಕೂಗೇ ಒಂದು ಚಳವಳಿಯ ಹೆಸರಾಯಿತು. ಅದೇ ವರ್ಷ ಆಮ್‌ಸ್ಟರ್‌ಡ್ಯಾಮಿನ ದೆ ಪೇಪ್ ಬಡಾವಣೆಯ ಶಾಲಾ ಮಕ್ಕಳ ಹೋರಾಟವನ್ನು ದೂರದರ್ಶನ ಚಿತ್ರವೊಂದು ನಾಡಿಗೆ ತೋರಿಸಿತು. ಇಕ್ಕಟ್ಟಾದ ಬೀದಿಗಳ ಉದ್ದಕ್ಕೂ ಕಾರುಗಳು; ಆಡಲು ಜಾಗವಿಲ್ಲ. ಮಕ್ಕಳೂ ದೊಡ್ಡವರೂ ಸೇರಿ ಬೀದಿಯೊಂದಕ್ಕೆ ಅಡ್ಡಗಟ್ಟಿದರು. ಸಿಟ್ಟಿಗೆದ್ದ ಚಾಲಕರಿಗೂ ನಿವಾಸಿಗಳಿಗೂ ಅಲ್ಲೇ ಜಟಾಪಟಿ ನಡೆಯಿತು. ಚಾಲಕರ ದೃಷ್ಟಿಯಲ್ಲಿ ಅದು ದಾರಿ. ಮಕ್ಕಳ ದೃಷ್ಟಿಯಲ್ಲಿ ಅದು ಮನೆಯ ಅಂಗಳ. ಆ ದಿನ ಎರಡೂ ಒಂದೇ ಬೀದಿಯಲ್ಲಿ ಎದುರಾಗಿದ್ದವು.

1973ರಲ್ಲಿ ಅರಬ್ ರಾಷ್ಟ್ರಗಳು ಹಾಲೆಂಡಿಗೆ ತೈಲ ನಿಲ್ಲಿಸಿದವು. ನವೆಂಬರ್ 4ರಿಂದ ಕೆಲವು ಭಾನುವಾರ ಸರ್ಕಾರ ಕಾರುಗಳ ಸಂಚಾರವನ್ನು ನಿಷೇಧಿಸಿತು. ಜನ ಹೆದ್ದಾರಿಯಲ್ಲೇ ಸೈಕಲ್ ತುಳಿದರು. ಕಾರಿಲ್ಲದ ಬೀದಿ ಹೇಗಿರುತ್ತದೆಂದು ಎಲ್ಲರೂ ಕಣ್ಣಾರೆ ಕಂಡರು.

ಅನಂತರ ಸರ್ಕಾರದ ನೆರವಿನಿಂದ ಟಿಲ್‌ಬರ್ಗ್ ಮತ್ತು ಹೇಗ್ ನಗರಗಳಲ್ಲಿ ಪ್ರಾಯೋಗಿಕ ಸೈಕಲ್ ದಾರಿಗಳು ಬಂದವು. ಕಾರು ಬಾರದಿದ್ದರೆ ಗಿರಾಕಿಯೂ ಬಾರನೆಂದು ಹೇಗ್‌ನ ಅಂಗಡಿಕಾರರು ವಿರೋಧಿಸಿದರು. ಆ ದಾರಿಗಳಲ್ಲಿ ಸೈಕಲ್ಲುಗಳು ಹೆಚ್ಚಿದವು ನಿಜ. ಆದರೆ ಒಂದು ಒಳ್ಳೆಯ ದಾರಿಯಿಂದ ಇಡೀ ನಗರ ಬದಲಾಗದು ಎಂಬ ಪಾಠವೂ ದೊರೆಯಿತು. ಆದ್ದರಿಂದ 1980ರ ದಶಕದಲ್ಲಿ ಡೆಲ್ಫ್ಟ್ ನಗರ ಮನೆ, ಶಾಲೆ, ಪೇಟೆಗಳನ್ನು ಜೋಡಿಸುವ ದಾರಿಗಳ ಜಾಲವನ್ನೇ ಹೆಣೆಯಿತು. ಕಾನೂನೂ ಬದಲಾಯಿತು. 1976ರಲ್ಲಿ, ವಾಹನಗಳು ನಡಿಗೆಯ ವೇಗದಲ್ಲಿ ಸಾಗಬೇಕಾದ ‘ವಾಸದ ಬೀದಿ’ಗಳಿಗೆ ಮಾನ್ಯತೆ ಸಿಕ್ಕಿತು. 1994ರ ರಸ್ತೆ ಸಂಚಾರ ಕಾಯ್ದೆಯಂತೆ, ಮೋಟಾರು ವಾಹನ ಸೈಕಲ್ಲಿಗೆ ಡಿಕ್ಕಿ ಹೊಡೆದರೆ ನಷ್ಟ ತುಂಬಿಕೊಡುವ ಹೊಣೆ ಸಾಮಾನ್ಯವಾಗಿ ವಾಹನದ ಕಡೆಯವರದು.

2010ರಲ್ಲಿ ಅಲ್ಲಿ ರಸ್ತೆಯಲ್ಲಿ ಸತ್ತ ಮಕ್ಕಳ ಸಂಖ್ಯೆ 14. ಈ ಇಳಿಕೆಯಲ್ಲಿ ಸೀಟ್ ಬೆಲ್ಟ್, ಉತ್ತಮ ಚಿಕಿತ್ಸೆಗಳ ಪಾಲೂ ಇದೆ. ಆದರೂ ಜಗಳ ಮುಗಿದಿಲ್ಲ. ಸೈಕಲ್ ದಾರಿಗೆ ನುಗ್ಗುತ್ತಿದ್ದ ಲಘು ಮೊಪೆಡ್‌ಗಳನ್ನು ಆಮ್‌ಸ್ಟರ್‌ಡ್ಯಾಂ 2019ರಲ್ಲಿ ಮುಖ್ಯ ರಸ್ತೆಗೆ ಕಳುಹಿಸಬೇಕಾಯಿತು. 2022ರಲ್ಲಿ ದೇಶದಲ್ಲಿ 291 ಸೈಕಲ್ ಸವಾರರು ಅಪಘಾತಗಳಲ್ಲಿ ಸತ್ತರು.

ಚಾಲಕನೂ ಸೈಕಲ್ ಸವಾರನೂ ಬೈದಾಡುವುದನ್ನು ನೀವೂ ನೋಡಿರುತ್ತೀರಿ. ಇಬ್ಬರಲ್ಲಿ ಯಾರು ಒರಟರು ಎಂದಷ್ಟೇ ನಾವು ಕೇಳುತ್ತೇವೆ. ಹಾಲೆಂಡಿನ ಮಕ್ಕಳು ಬೇರೆ ಪ್ರಶ್ನೆ ಕೇಳಿದರು: ಈ ಬೀದಿಯನ್ನು ಯಾರಿಗಾಗಿ ಕಟ್ಟಲಾಗಿದೆ? ನಾಳೆ ಶಾಲೆಗೆ ಹೋಗುವಾಗ ನಿಮ್ಮ ಬೀದಿಯನ್ನೂ ಈ ಪ್ರಶ್ನೆಯೊಂದಿಗೆ ಒಮ್ಮೆ ನೋಡಿ.