ರೀಲ್ ಇಲ್ಲದ ಗಾಳ: ಜಪಾನಿನ ಬೆಟ್ಟದೂರುಗಳ ಒಂದು ಕಸುಬಿನ ಕಥೆ

ಒಂದು ಬಿದಿರು ಕೋಲು. ಅದರ ತುದಿಗೆ ದಾರ, ದಾರದ ತುದಿಗೆ ಕೊಕ್ಕೆ. ಕೆರೆ ಏರಿ ಮೇಲೆ ಕೂತು ಹೀಗೆ ಗಾಳ ಹಾಕಿದವರು ನಮ್ಮಲ್ಲಿ ಎಷ್ಟೋ ಜನ ಇದ್ದೇವೆ. ಇದರ ಅಣ್ಣತಮ್ಮನಂಥ ಗಾಳವೊಂದನ್ನು ಇಂದು ಅಮೆರಿಕ, ಯುರೋಪಿನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುತ್ತಾರೆ ಎಂದರೆ ನಂಬುತ್ತೀರಾ? ಅದರ ಹೆಸರು ತೆಂಕರಾ. ಹುಟ್ಟಿದ್ದು ಜಪಾನಿನಲ್ಲಿ.

ಜಪಾನಿನ ಬಹುಪಾಲು ನೆಲ ಬೆಟ್ಟಗುಡ್ಡ. ಆ ಬೆಟ್ಟಗಳಿಂದ ಇಳಿಯುವ ತಣ್ಣನೆಯ ತೊರೆಗಳಲ್ಲಿ ಇವಾನ, ಯಮಾಮೆ, ಅಮಾಗೊ ಎಂಬ ಮೀನುಗಳಿವೆ. ಹೆಚ್ಚಿನವು ಗೇಣುದ್ದದವು. ಇವನ್ನು ಹಿಡಿದು, ಬಿಸಿನೀರಿನ ಬುಗ್ಗೆಗಳ ಹತ್ತಿರದ ವಸತಿಗೃಹಗಳಿಗೆ ಮಾರಿ ಬದುಕುತ್ತಿದ್ದ ಜನ ಬೆಟ್ಟದೂರುಗಳಲ್ಲಿದ್ದರು. ಅವರಿಗೆ ಗಾಳ ಹಾಕುವುದು ಹೊತ್ತು ಕಳೆಯುವ ಆಟವಲ್ಲ, ಹೊಟ್ಟೆಪಾಡು.

ಸಾಮಾನು ಮೂರೇ. ಉದ್ದನೆಯ ಬಿದಿರು ಕೋಲು, ಕುದುರೆ ಬಾಲದ ಕೂದಲು ಹೊಸೆದು ಮಾಡಿದ ದಾರ, ಮತ್ತು ಕೆಬರಿ. ಕೆಬರಿ ಅಂದರೆ ಕೊಕ್ಕೆಗೆ ನೂಲು, ಹಕ್ಕಿಯ ಗರಿ ಸುತ್ತಿ ಹುಳದ ಹಾಗೆ ಕಾಣುವಂತೆ ಮಾಡಿದ್ದು. ಕೆಲವರು ಜರೀಗಿಡದ ಎಳೆ ಸುರುಳಿಯ ಮೇಲಿರುವ ಹತ್ತಿಯಂಥ ನವಿರನ್ನೂ ಅದಕ್ಕೆ ಸುತ್ತುತ್ತಿದ್ದರು. ಮನೆ ಸುತ್ತಮುತ್ತ ಏನು ಸಿಗುತ್ತದೋ ಅದೇ ಸರಕು.

ಎರೆಹುಳ ಯಾಕೆ ಬೇಡ? ಅದನ್ನು ಅಗೆದು ತರಬೇಕು, ಮೀನು ಕಿತ್ತು ತಿಂದಾಗಲೆಲ್ಲ ಮತ್ತೆ ಪೋಣಿಸಬೇಕು. ಗರಿಯ ಹುಳಕ್ಕೆ ಆ ರಗಳೆ ಇಲ್ಲ. ಒಂದು ಮೀನು ಬುಟ್ಟಿಗೆ ಬಿದ್ದ ತಕ್ಷಣ ಅದೇ ಕೊಕ್ಕೆ ಮತ್ತೆ ನೀರಿಗೆ. ಸಂಜೆಯೊಳಗೆ ಬುಟ್ಟಿ ತುಂಬಬೇಕಾದವನಿಗೆ ಇದು ದೊಡ್ಡ ಲಾಭ.

ರೀಲ್ ಯಾಕೆ ಬೇಡ? ತೊರೆ ಕಿರಿದು, ಮೀನು ಚಿಕ್ಕದು, ದಾರವನ್ನು ದೂರ ಬಿಡುವ ಕೆಲಸವೇ ಇಲ್ಲ. ಬಂಡೆಗಳ ನಡುವೆ ನೀರು ರಭಸವಾಗಿ ಹರಿಯುತ್ತದೆ. ಬಂಡೆಯ ಮರೆಯಲ್ಲಿ ಸ್ವಲ್ಪ ನಿಧಾನವಾದ ಜಾಗದಲ್ಲಿ ಮೀನು ಕಾದಿರುತ್ತದೆ. ದಾರ ನೀರಿಗೆ ಬಿದ್ದರೆ ಹರಿವು ಅದನ್ನು ಎಳೆದುಕೊಂಡು ಹೋಗುತ್ತದೆ, ಜೊತೆಗೆ ಹುಳವೂ ಹೋಗುತ್ತದೆ. ಅದಕ್ಕೇ ಉದ್ದನೆಯ ಕೋಲೆತ್ತಿ ದಾರವನ್ನು ಗಾಳಿಯಲ್ಲೇ ಹಿಡಿದು, ಕೆಬರಿಯನ್ನಷ್ಟೇ ನೀರಿಗೆ ತಾಗಿಸುತ್ತಿದ್ದರು.

ಈ ಜನ ತಮ್ಮ ಕಸುಬಿನ ಬಗ್ಗೆ ಪುಸ್ತಕ ಬರೆಯಲಿಲ್ಲ. ಅಪ್ಪನಿಂದ ಮಗ ನೋಡಿ ಕಲಿತ, ಅಷ್ಟೇ. ಅವರ ಸುಳಿವು ಸಿಗುವುದು ಹೊರಗಿನಿಂದ ಬಂದವರ ಬರಹದಲ್ಲಿ. ಶಿಯೋಜಾವಾ ಎಂಬ ಊರಿನ ಬಟ್ಟೆ ವ್ಯಾಪಾರಿ ಸುಝುಕಿ ಬೊಕುಶಿ 1828ರಲ್ಲಿ ಅಕಿಯಾಮಾ ಕಣಿವೆಗೆ ನಡೆದು ಹೋದರು. ಅಲ್ಲಿ ಅಕಿತಾ ಸೀಮೆಯಿಂದ ಬಂದಿದ್ದ ಬೇಟೆಗಾರರನ್ನು ಮಾತಾಡಿಸಿದರು. ಅವರು ಇವಾನ ಹಿಡಿದು ಕುಸಾತ್ಸು ಬಿಸಿನೀರಿನ ಬುಗ್ಗೆಯ ಊರಿಗೆ ಮಾರುತ್ತಿದ್ದುದನ್ನು ಬರೆದಿಟ್ಟರು. ಐವತ್ತು ವರ್ಷದ ನಂತರ, 1878ರಲ್ಲಿ, ಬ್ರಿಟಿಷ್ ಅಧಿಕಾರಿ ಅರ್ನೆಸ್ಟ್ ಸ್ಯಾಟೋ ತಾತೆಯಾಮಾ ಬೆಟ್ಟದ ಕಡೆ ಹೋದಾಗ ಅಲ್ಲಿನ ಕೆಬರಿ ಮೀನುಗಾರಿಕೆಯನ್ನು ದಿನಚರಿಯಲ್ಲಿ ದಾಖಲಿಸಿದರು.

ಎರಡನೇ ಮಹಾಯುದ್ಧದ ನಂತರ ಕಾಲ ಬದಲಾಯಿತು. ತಾತೆಯಾಮಾ ಪಕ್ಕದ ಕುರೋಬೆ ನದಿಗೆ 186 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು. ಅದರ ಕೆಲಸ ಮುಗಿದದ್ದು 1963ರಲ್ಲಿ. ಬೆಟ್ಟದೂರುಗಳಿಗೆ ರಸ್ತೆ ಬಂತು, ಆ ರಸ್ತೆಯಲ್ಲೇ ಹುಡುಗರು ಪಟ್ಟಣಕ್ಕೆ ಹೋದರು. ಗಾಳ ನಂಬಿ ಬದುಕುವವರು ಇಲ್ಲವಾಗುತ್ತ ಬಂದರು.

ಕಸುಬು ಹೋಯಿತು, ಹವ್ಯಾಸ ಉಳಿಯಿತು. ಬಿದಿರಿನ ಜಾಗಕ್ಕೆ ಒಂದರೊಳಗೊಂದು ಸೇರಿಕೊಳ್ಳುವ ಕಾರ್ಬನ್ ಕೋಲು ಬಂತು. 2009ರಲ್ಲಿ ಹಿಸಾವೊ ಇಶಿಗಾಕಿ ಎಂಬ ಜಪಾನಿನ ಪ್ರಾಧ್ಯಾಪಕರು ಅಮೆರಿಕದ ಕ್ಯಾಟ್‌ಸ್ಕಿಲ್‌ನ ಮೀನುಗಾರಿಕೆ ಮ್ಯೂಸಿಯಂನಲ್ಲಿ ತೆಂಕರಾ ಬಗ್ಗೆ ಹೇಳಿಕೊಟ್ಟರು. ಅದೇ ವರ್ಷ ಅಲ್ಲಿ ಇದೇ ಕೋಲು ಮಾರುವ ಕಂಪನಿಯೂ ಶುರುವಾಯಿತು.

ಇದನ್ನೆಲ್ಲ ಓದಿದ ಮೇಲೆ ನಾವೂ ಒಮ್ಮೆ ನೋಡೋಣ ಅಂತ ಬಿದಿರು ಕೋಲಿಗೆ ದಾರ ಕಟ್ಟಿ, ಕೊಕ್ಕೆಗೆ ಹುಂಜದ ಗರಿ ಸುತ್ತಿ ಊರಾಚೆಯ ಹಳ್ಳಕ್ಕೆ ಇಳಿದೆವು. ಒಂದು ಗಂಟೆ ಕಳೆದರೂ ಒಂದು ಮೀನೂ ಇಲ್ಲ. ದನ ಕಾಯುತ್ತಿದ್ದ ಅಜ್ಜನೊಬ್ಬರು ನಮ್ಮನ್ನು ನೋಡಿ ನಗುತ್ತಿದ್ದರು. ಕೊನೆಗೆ ಹತ್ತಿರ ಬಂದು, "ನಿಮ್ಮ ನೆರಳು ನೀರಿಗೆ ಬೀಳ್ತಾ ಐತಲ್ರಪ್ಪ, ಮೀನು ಎಲ್ಲಿಂದ ಬಂದಾತು?" ಅಂದರು. ಆಮೇಲೆ ಯಾವ ಮೀನು ಯಾವ ಹೊತ್ತಿಗೆ ಎಲ್ಲಿ ನಿಲ್ಲುತ್ತದೆ ಎಂದು ಹೇಳುತ್ತಾ ಹೋದರು. "ಇದನ್ನೆಲ್ಲ ಯಾರಿಗಾದ್ರೂ ಹೇಳಿಕೊಟ್ಟೀರಾ ಅಜ್ಜ?" ಎಂದು ಕೇಳಿದೆವು. "ಯಾರು ಕೇಳ್ಯಾರ?" ಅಂದರು.

ಆ ಕಣಿವೆಯ ಬೇಟೆಗಾರರಿಗೆ ಒಬ್ಬ ಬಟ್ಟೆ ವ್ಯಾಪಾರಿಯಾದರೂ ಸಿಕ್ಕಿದ್ದ. ನಾವು ಅಜ್ಜನ ಪಕ್ಕ ಕೂತು ನೋಟ್‌ಬುಕ್ ತೆಗೆದೆವು. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಇವತ್ತೇ ಕೇಳಿ, ಬರೆದಿಡಿ.